ಅಡುಗೆಮನೆ, ದೃಶ್ಯ ಹನ್ನೆರಡು

ನವಲಗುಂದ
೨೪ ಜೂನ್ ೨೦೨೪

ಸವಿತಾ,

ನಾನು ಕ್ಷೇಮವಾಗಿಲ್ಲ. ನೀನು ಕ್ಷೇಮವಾಗಿರುವುದು ಟಿವಿಯಲ್ಲೇ ಕಾಣುತ್ತಿದೆ. ಮೊನ್ನೆ ನಮ್ಮ ಧಾರಾವಾಹಿ ಮುಗಿದು ಕೆಲಸ ಮಾಡಿದವರ ಹೆಸರುಗಳು ಓಡುವಾಗ ಅವ್ವ ಕೂಗಿಕೊಂಡಳು: “ಲೇ ಮಲ್ಲಿ, ನಮ್ಮ ಸವಿತಾನ ಹೆಸರು ಬಂತ ನೋಡು!” ಎಂಟು ತಿಂಗಳು ಆ ಜಾಗದಲ್ಲಿ ನನ್ನ ಹೆಸರಿತ್ತು. ಅಷ್ಟು ಜೋರಾಗಿ ಓಡುವ ಅಕ್ಷರಗಳನ್ನು ಹಿಡಿದು ಓದುವುದನ್ನು ಅವ್ವ ಕಲಿತದ್ದೇ ನನ್ನ ಸಲುವಾಗಿ. ನಿನ್ನ ಹೆಸರು ಓದಿ ಮೊದಲು ಹಿಗ್ಗಿದಳು. ಆಮೇಲೆ ನನ್ನ ಮುಖ ನೋಡಿ ಟಿವಿ ಬಂದ್ ಮಾಡಿದಳು.

ಕೈಯಲ್ಲಿ ಫೋನಿರುವಾಗ ಕಾಗದ ಯಾಕೆ ಎಂದು ನಗಬೇಡ. ಯೂನಿಟ್ಟಿನವರನ್ನು ಬೈದು ನಿನ್ನೊಬ್ಬಳಿಗೇ ಕಳಿಸಿದ್ದ ವಾಟ್ಸಾಪ್ ಮಾತುಗಳು ಮ್ಯಾನೇಜರ್ ಹನಮಪ್ಪನ ಫೋನಿನಲ್ಲಿ ಫೋಟೋ ಆಗಿ ಕುಳಿತಿದ್ದವು. ಹೇಗೆ ಹೋದವು ಎಂದು ನಾನು ಕೇಳುವುದಿಲ್ಲ. ಕಾಗದವನ್ನು ಇನ್ನೊಬ್ಬರಿಗೆ ಮುಟ್ಟಿಸಬೇಕಾದರೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಅಷ್ಟರಲ್ಲಿ ಮನುಷ್ಯರಿಗೆ ಸ್ವಲ್ಪ ನಾಚಿಕೆ ಬಂದರೂ ಬರಬಹುದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಇದನ್ನು ಇನ್ನು ಯಾರ್ಯಾರ ಮುಂದೆ ಎಷ್ಟು ಸಲ ಹೇಳಬೇಕೋ, ಬಾಯಿಪಾಠವಾಗಲಿ. ಧಾರಾವಾಹಿಯಲ್ಲಿ ಕಂಟಿನ್ಯೂಟಿ ನೋಡುವುದು ನನ್ನ ಕೆಲಸವಾಗಿತ್ತು. ಒಂದು ಶಾಟಿನಲ್ಲಿ ಸೊಸೆಯ ಸೆರಗು ತಲೆಯ ಮೇಲಿದ್ದರೆ ಮುಂದಿನ ಶಾಟಿನಲ್ಲೂ ತಲೆಯ ಮೇಲೇ ಇರಬೇಕು, ಲೋಟ ತುಂಬಿದ್ದರೆ ತುಂಬಿಯೇ ಇರಬೇಕು. ಹತ್ತಿರ ನಿಂತು ಕಣ್ಣಿಟ್ಟು ನೋಡದೆ ಆಗುವ ಕೆಲಸವಲ್ಲ ಅದು. ಕಲಘಟಗಿ ಹತ್ತಿರದ ಆ ಹಳೆಯ ಮನೆಯನ್ನು ಕಂಪನಿ ಶೂಟಿಂಗಿಗೆ ಹಿಡಿದ ಎರಡನೇ ದಿನ ಯೂನಿಟ್ಟಿನಲ್ಲಿ ಆಗ ಅಸಿಸ್ಟೆಂಟ್ ಆಗಿದ್ದ ನೀನು ನನ್ನನ್ನು ಪಡಸಾಲೆಯ ಕಂಬದ ಹತ್ತಿರ ಕರೆದೆ. “ಮಲ್ಲಿ, ಸಿಟ್ಟಾಗಬ್ಯಾಡ. ಅಡಗಿಮನಿ, ದೇವರಮನಿ ಒಳಗ ನೀ ಬರಬ್ಯಾಡಂತ. ಮನಿಯವರು ಹಳೇ ಮಂದಿ. ಒಳಗಿಂದು ನಾ ನೋಡ್ಕೋತೀನಿ, ನೀ ಹೊಸ್ತಿಲದಾಗ ನಿಂತು ಬರಕೋ” ಎಂದೆ.

ಯಾಕೆ ಎಂದು ನಾನು ಕೇಳಲಿಲ್ಲ. ದಲಿತರ ಓಣಿಯ ಹುಡುಗಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಡೈರೆಕ್ಟರನ ಹತ್ತಿರ ಹೋಗಿ, ಒಳಗೆ ಬಿಡದಿದ್ದರೆ ನಾನು ಕೆಲಸ ಮಾಡುವುದು ಹೇಗೆ ಎಂದು ಕೇಳಿದೆ. ಬೆಂಗಳೂರಿನ ಮನುಷ್ಯ, ಮಾನಿಟರಿನಿಂದ ಮುಖ ಎತ್ತಲಿಲ್ಲ. “ಇಂಥ ಲೊಕೇಶನ್ ಸಿಗೋದೇ ಕಷ್ಟ ಅಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ” ಎಂದ. ನಾನು ಅಡ್ಜಸ್ಟ್ ಮಾಡಿಕೊಂಡೆ.

ಮೇ ಹದಿನೇಳರಂದು ದೃಶ್ಯ ಹನ್ನೆರಡು. ಸೊಸೆ ಒಲೆಯ ಮುಂದೆ ಕುಳಿತು ಗಂಡನ ಆಯುಷ್ಯಕ್ಕಾಗಿ ಹರಕೆ ಹೊರಬೇಕು. ಕರಿಮಣಿ ಮೈಕಿಗೆ ತಾಗಿ ಸದ್ದಾಗುತ್ತದೆ ಎಂದು ಸೌಂಡಿನವರು ನಡುವೆ ಆಕೆಯ ತಾಳಿ ತೆಗೆಸಿದರು. ಮತ್ತೆ ಹಾಕಿಸಲಿಲ್ಲ. ಹೊಸ್ತಿಲಲ್ಲಿ ನಿಂತ ನನಗೆ ಕಂಡದ್ದು ಅವಳ ಬೆನ್ನು ಮಾತ್ರ. ಟಿವಿಯಲ್ಲಿ ಅರ್ಧ ಹರಕೆಗೆ ತಾಳಿ ಇತ್ತು, ಅರ್ಧಕ್ಕೆ ಇರಲಿಲ್ಲ. ರಾಜ್ಯದ ತುಂಬ ಜನ ಫೋನಿನಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನಕ್ಕರು. ಯಾರದಾದರೂ ತಲೆ ಬೇಕೆಂದು ಚಾನೆಲ್ಲಿನವರು ಕೇಳಿದರು. ಜೂನ್ ಆರಕ್ಕೆ ನನ್ನನ್ನು ಮನೆಗೆ ಕಳಿಸಿದರು, ಏಳಕ್ಕೆ ನಿನ್ನನ್ನು ನನ್ನ ಕುರ್ಚಿಗೆ ತಂದರು. ಡೈರೆಕ್ಟರನ ಕಾರಿನಲ್ಲಿ ತಿರುಗುವ, ಅವನ ಜೋಕಿಗೆ ನಗುವ ನಾಲ್ಕು ಜನರಿಗಷ್ಟೇ ಆ ಯೂನಿಟ್ಟಿನಲ್ಲಿ ಮೇಲೆ ಹೋಗುವ ದಾರಿ ಎಂದು ನಾವಿಬ್ಬರೂ ಸೇರಿ ಬೈಯುತ್ತಿದ್ದೆವು. ಈಗ ಐದು ಜನ ಆಗಿರಬೇಕು.

ಕಂಪನಿಯ ದೂರು ಸಮಿತಿಗೆ ಬರೆದುಕೊಟ್ಟಿದ್ದೇನೆ. ಜಾತಿ ನೋಡಿ ಒಳಗೆ ಬಿಡಲಿಲ್ಲ, ಒಳಗೆ ಆದ ತಪ್ಪನ್ನು ನನ್ನ ತಲೆಗೆ ಕಟ್ಟಿದರು ಎಂದು. ಮನೆಯೊಡತಿ ಅಜ್ಜಿ ತಡೆದರು, ಡೈರೆಕ್ಟರ್ ಒಪ್ಪಿದ ಎಂದು. ಸಾಕ್ಷಿಯ ಜಾಗದಲ್ಲಿ ನಿನ್ನ ಹೆಸರು ಬರೆದಿದ್ದೇನೆ. ನಿನ್ನನ್ನು ಕೇಳದೆ ಬರೆದೆ, ಕೇಳಬೇಕಾಗಿಲ್ಲ ಎಂದುಕೊಂಡೆ.

ಉತ್ತರ ಬರೆ.

ಮಲ್ಲಿಕಾ


ಕಲಘಟಗಿ
೧೧ ಜುಲೈ ೨೦೨೪

ಪ್ರೀತಿಯ ಮಲ್ಲಿ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ತಡವಾಯಿತೆಂದು ಬೈಯಬೇಡ. ಇಲ್ಲಿ ಮಳೆ ಹಿಡಿದುಬಿಟ್ಟಿದೆ. ಜನರೇಟರಿನ ವ್ಯಾನು ಭತ್ತದ ಗದ್ದೆಯ ಬದಿಯಲ್ಲಿ ಹೂತು ಎರಡು ದಿನ ಶೂಟಿಂಗ್ ನಿಂತಿತು. ಪ್ರಸಾರಕ್ಕೆ ಸಿದ್ಧವಿರುವುದು ನಾಲ್ಕೇ ಕಂತು, ಎಲ್ಲರೂ ಎಲ್ಲರ ಮೇಲೆ ಹರಿಹಾಯುತ್ತಿದ್ದಾರೆ. ಸೊಸೆಗೆ ಮಗು ಆಗುವುದಿದೆ, ಇಲ್ಲಿನದೇ ಹೆಸರಾದ ಬಣ್ಣದ ತೊಟ್ಟಿಲು ತರಿಸಿದೆವು. ಹಳೆಯದರ ಹಾಗೆ ಕಾಣುತ್ತಿಲ್ಲ ಎಂದು ಡೈರೆಕ್ಟರ್ ಸರ್ ಅದಕ್ಕೆ ಕೆಸರು ಬಳಿಸಿದರು. ತೊಟ್ಟಿಲು ಮಾಡಿಕೊಟ್ಟವರು ನೋಡಿದ್ದರೆ ಅತ್ತೇ ಬಿಡುತ್ತಿದ್ದರು. ನೀನು ಇದ್ದಿದ್ದರೆ ನಾವಿಬ್ಬರೂ ಹಿತ್ತಲಿಗೆ ಹೋಗಿ ಬಿದ್ದು ಬಿದ್ದು ನಗುತ್ತಿದ್ದೆವು.

ಮಲ್ಲಿ, ನಿನಗೆ ಅನ್ಯಾಯ ಆಗಿದೆ. ಇಲ್ಲ ಎನ್ನುವುದಿಲ್ಲ. ಆದರೆ ದೂರು ಕೊಡುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತು. ಹನಮಪ್ಪ ಕಾಕಾ ಮೊನ್ನೆ ತಾವಾಗಿಯೇ ಮಾತು ತೆಗೆದರು. “ನಿನ್ನ ಗೆಳತಿಗೆ ಹೇಳು, ಅರ್ಜಿ ಹಿಂದ ತಗೊಂಡ್ರ ಬ್ಯಾರೆ ಯೂನಿಟ್ಟಿಗೆ ಹಚ್ಚೂಣು. ಹಠ ಹಿಡದ್ರ ಆಕೀದ ಲುಕ್ಸಾನ” ಎಂದರು. ಬೆದರಿಸುವ ಧಾಟಿಯಲ್ಲಿ ಹೇಳಲಿಲ್ಲ, ನಿನ್ನ ಒಳ್ಳೆಯದಕ್ಕೇ ಹೇಳಿದರು ಎಂದು ನನಗೆ ಅನಿಸಿತು.

ಸಾಕ್ಷಿ ಅಂದರೆ ನಾನು ಏನು ಹೇಳಲಿ? ಆ ದಿನ ಒಲೆಯ ಹೊಗೆ ಅಡುಗೆಮನೆ ತುಂಬಿತ್ತು, ನನಗೂ ಸರಿಯಾಗಿ ಏನೂ ಕಾಣಲಿಲ್ಲ. ಬೆಳಕು ಬೇರೆ ಹೋಗುತ್ತಿತ್ತು. ನನ್ನಂಥವಳು ಹೇಳಿದರೆ ಅವರು ಕೇಳುತ್ತಾರೆಯೇ? “ಟಿವಿ ನೋಡೋರು ಇಷ್ಟೆಲ್ಲ ನೋಡಲ್ಲ” ಎಂದುಬಿಟ್ಟರೆ ಮುಂದೆ ಮಾತಿಲ್ಲ.

ನನ್ನ ಮನೆಯ ಸ್ಥಿತಿಯೂ ನಿನಗೆ ಗೊತ್ತು. ಈ ಕೆಲಸ ಬಿಟ್ಟ ದಿನವೇ ಅಣ್ಣ ಯಲ್ಲೇಶ ನನ್ನನ್ನು ಯಮನೂರಿಗೆ ಎಳೆದೊಯ್ದು ಕುರಿಯ ಹಿಂದೆ ನಿಲ್ಲಿಸುತ್ತಾನೆ, ಇಲ್ಲವೇ ಯಾರದಾದರೂ ಹಿಂದೆ ಏಳು ಹೆಜ್ಜೆ ತುಳಿಸುತ್ತಾನೆ. ಟಿವಿಯಲ್ಲಿ ಹೆಸರು ಬಂದ ಮೇಲೆ ಅವನು ಮೊದಲ ಸಲ ನನ್ನ ಜತೆ ಕುಳಿತು ಊಟ ಮಾಡಿದ. ಸಿಟ್ಟು ಇಳಿದ ಮೇಲೆ ಇನ್ನೊಮ್ಮೆ ಯೋಚಿಸು. ನಿಮ್ಮವ್ವ ತಾಯವ್ವನಿಗೆ ನಾನು ಕೇಳಿದೆ ಎಂದು ಹೇಳು.

ಎಂದೆಂದಿಗೂ ನಿನ್ನ,
ಸವಿ


ನವಲಗುಂದ
೩ ಆಗಸ್ಟ್ ೨೦೨೪

ಸವಿತಾ,

ನಿನ್ನ ಕಾಗದವನ್ನು ಐದು ಸಲ ಓದಿದೆ. ಕಂಟಿನ್ಯೂಟಿ ನೋಡಿ ನೋಡಿ ರೂಢಿಯಾಗಿಬಿಟ್ಟಿದೆ. ಒಂದು ಸಾಲಿನಲ್ಲಿ ಹೊಗೆ ತುಂಬಿ ಏನೂ ಕಾಣಲಿಲ್ಲ ಎನ್ನುತ್ತೀಯ. ಎರಡು ಸಾಲು ಮುಂದೆ, ಹೇಳಿದರೂ ಅವರು ಕೇಳುವುದಿಲ್ಲ ಎನ್ನುತ್ತೀಯ. ಏನನ್ನೂ ನೋಡದವಳು ಹೇಳುವುದಾದರೂ ಏನನ್ನು? “ಟಿವಿ ನೋಡೋರು ಇಷ್ಟೆಲ್ಲ ನೋಡಲ್ಲ” ಎಂಬುದು ನಿನ್ನ ಮಾತೇ ಅಲ್ಲ. ಅದು ಡೈರೆಕ್ಟರನ ಮಾತು, ಅವನ ಬಾಯಿಂದ ಸಾವಿರ ಸಲ ಕೇಳಿದ್ದೇನೆ. ನೀನು ತಾಳಿ ಇಲ್ಲದ್ದನ್ನು ನೋಡಿದೆ. ಅವನಿಗೆ ಹೇಳಿದೆ. ಅವನು ಹೀಗೆಂದು ಶಾಟ್ ಓಕೆ ಮಾಡಿದ. ಹೌದೋ ಅಲ್ಲವೋ ಅಷ್ಟು ಬರೆ ಸಾಕು.

ಕಂಪನಿಯಿಂದ ಮೊನ್ನೆ ರಿಜಿಸ್ಟರ್ ಅಂಚೆ ಬಂತು. ಸೆಪ್ಟೆಂಬರ್ ಹದಿನಾಲ್ಕಕ್ಕೆ ಹುಬ್ಬಳ್ಳಿಯ ಹೋಟೆಲೊಂದರ ಹಾಲಿನಲ್ಲಿ ವಿಚಾರಣೆ. ಜತೆಗೆ ಮನೆಯೊಡತಿ ಅಜ್ಜಿಯ ಹೇಳಿಕೆಯ ಪ್ರತಿ ಇದೆ, ಕೆಳಗೆ ಅವರ ಹೆಬ್ಬೆಟ್ಟು. ‘ಯಾರನ್ನೂ ಒಳಗೆ ಬರಬೇಡ ಎಂದು ನಾನು ಎಂದೂ ಹೇಳಿಲ್ಲ’ ಎಂದು. ನನ್ನ ದೂರು ಸುಳ್ಳೆಂದು ಸಾಬೀತಾದರೆ ಎಲ್ಲ ನಿರ್ಮಾಪಕರಿಗೂ ನನ್ನ ಹೆಸರು ಬರೆದು ತಿಳಿಸುತ್ತಾರಂತೆ. ಆಮೇಲೆ ನನ್ನನ್ನು ಯಾರೂ ಸೆಟ್ಟಿನ ಗೇಟಿನ ಹತ್ತಿರವೂ ಬಿಡುವುದಿಲ್ಲ. ಈಗಲೇ ಯೂನಿಟ್ಟಿನ ಗ್ರೂಪಿನಲ್ಲಿ ನನಗೆ ‘ತಾಳಿ ಮೇಡಮ್’ ಎಂದು ಹೆಸರಿಟ್ಟಿದ್ದಾರೆ ಎಂದು ಕೇಳಿದೆ. ನೀನೂ ಆ ಗ್ರೂಪಿನಲ್ಲಿದ್ದೀಯ, ನಗುವ ಮುಖದ ಗುರುತು ಒತ್ತಿದವರಲ್ಲಿ ನೀನಿದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ.

ಹುಬ್ಬಳ್ಳಿಯಲ್ಲಿ ಇರಮ್ ಎಂಬ ವಕೀಲೆಯನ್ನು ಕಂಡೆ. ನಮ್ಮ ವಯಸ್ಸಿನವರೇ, ಮಾತು ಚುರುಕು. “ಪೊಲೀಸ್ ಕೇಸ್ ಮಾಡಾಕ ಬರ್ತೈತ್ರಿ. ಆದ್ರ ಒಂದ ಮಾತು ತಲ್ಯಾಗ ಇಟ್ಕೋರಿ, ‘ಒಳಗ ಬರಬ್ಯಾಡ’ ಅನ್ನೋ ಮಾತು ಯಾರ ಬಾಯಿಂದ ನಿಮ್ಮ ಕಿವಿಗೆ ಬಿತ್ತೋ ಅವರ ಹೆಸರ ಮೊದಲ ಬರ್ತೈತಿ” ಎಂದರು. ಆ ಬಾಯಿ ನಿನ್ನದು. ನಾನು ಕೇಸು ಹಾಕಲಿಲ್ಲ, ಎದ್ದು ಬಂದೆ. ಇದನ್ನು ನಿನಗೆ ಬರೆಯುವುದು ಬೆದರಿಕೆಯೋ ಏನೋ ನನಗೇ ತಿಳಿಯುತ್ತಿಲ್ಲ. ರಾತ್ರಿ ನಿದ್ದೆ ಹತ್ತುತ್ತಿಲ್ಲ ಎನ್ನುವುದು ಮಾತ್ರ ನಿಜ.

ಅಜ್ಜಿ ಹೇಳಲಿಲ್ಲ ಎಂದರೆ ಯಾರೋ ನಿನಗೆ ಹೇಳಿರಬೇಕು. ಒಬ್ಬರ ಹೆಸರು ಹೇಳು ಸವಿತಾ. ಯಾರು ಹೇಳಿದರು?

ಮಲ್ಲಿಕಾ


ಕಲಘಟಗಿ
೨೯ ಆಗಸ್ಟ್ ೨೦೨೪

ಮಲ್ಲಿ,

ಮೊದಲ ಪ್ರಶ್ನೆಗೆ ಉತ್ತರ: ಹೌದು. ನೋಡಿದೆ, ಹೇಳಿದೆ. ಅವರು ಅದೇ ಮಾತು ಹೇಳಿ ಶಾಟ್ ಓಕೆ ಮಾಡಿದರು. ನಿನ್ನನ್ನು ಕಳಿಸಿದ ಮರುದಿನ ಕಾರಿನಲ್ಲಿ ಕೂರಿಸಿಕೊಂಡು, “ನೀನು ಜಾಣೆ, ನಿನಗೆ ಮುಂದೆ ದಾರಿ ಇದೆ” ಎಂದರು. ನಾನು ಜಾಣೆಯಾಗಿ ಸುಮ್ಮನಾದೆ.

ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ಮೊನ್ನೆ ಶೂಟಿಂಗ್ ಇಲ್ಲದ ದಿನ ಆ ಮನೆಗೆ ಹೋದೆ. ಅಜ್ಜಿ ಹಿಂದಿನ ಕಟ್ಟೆಯ ಮೇಲೆ ಕುಳಿತು ಅಕ್ಕಿ ಹಸನು ಮಾಡುತ್ತಿದ್ದರು. ಕಂಪನಿಯವರೇ ಹೆದರಿಸಿ ಹೆಬ್ಬೆಟ್ಟು ಒತ್ತಿಸಿರಬೇಕು ಎಂದುಕೊಂಡು ಹೋಗಿದ್ದೆ. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

“ಅಮ್ಮಾರ, ಮಲ್ಲಿಕಾ ಅಡಗಿಮನಿ ಒಳಗ ಬರಬಾರದು ಅಂತ ನೀವು ಯಾರ ಮುಂದ ಹೇಳಿದ್ರಿ?” ಎಂದು ಕೇಳಿದೆ.

“ಯಾವ ಮಲ್ಲಿಕಾ? ಹೊಸ್ತಿಲದಾಗ ನಿಂತು ಬರಕೋತಿದ್ಲಲ್ಲ, ಆಕೀನ? ನಾ ಯಾಕ ಹೇಳ್ಲಿ? ಆಕಿ ಯಾರು, ಏನು, ನನಗೇನ ಗೊತ್ತಿತ್ತು? ಒಂದಿನ ನಾನ ನಿನ್ನ ಕೇಳಿದ್ನಿ, ಆ ಹುಡುಗಿ ಯಾಕ ಒಳಗ ಬರಂಗಿಲ್ಲ ಅಂತ. ಆಕೀದು ಹೊರಗಿನ ಕೆಲಸ ಅಂದಿ ನೀ.”

ಆ ಮಾತು ನನಗೆ ನೆನಪಿರಲಿಲ್ಲ. ಅವರು ಹೇಳಿದ ಮೇಲೆ ನೆನಪಾಯಿತು. ಆದರೂ ಬಿಡದೆ ಕೇಳಿದೆ, ಗೊತ್ತಿದ್ದರೆ ಒಳಗೆ ಬಿಡುತ್ತಿದ್ದಿರಾ ಎಂದು. ಅಜ್ಜಿ ಮೊರ ಕೆಳಗಿಟ್ಟರು. “ಗೊತ್ತಿದ್ರ ಬ್ಯಾಡ ಅಂತಿದ್ನೋ ಏನೋ. ಸುಳ್ಳ್ಯಾಕ ಹೇಳ್ಲಿ? ಆದ್ರ ನನ್ನ ಯಾರು ಕೇಳಿದ್ರು? ನನ್ನ ಬಾಯಾಗ ಬರೂದರಾಗ ನೀವ ಅಂದ ಮುಗಿಸಿದ್ರಿ” ಎಂದರು.

ಇನ್ನು ಉಳಿದವರು ಹನಮಪ್ಪ ಕಾಕಾ. ಮನೆಯ ಕೀಲಿ ತಂದ ದಿನ ಅವರು ನನಗೆ ಹೇಳಿದ್ದು ಇಷ್ಟೇ: “ಹಳೇ ಮನಿ ಐತಿ. ಒಳಗ ಯಾರು ಹೋಗಬೇಕು, ಯಾರು ಹೋಗಬಾರದು, ನೀವ ತಿಳಕೊಂಡ ಮಾಡ್ರಿ. ತಕರಾರು ಬಂದ್ರ ಲೊಕೇಶನ್ ಹೋಗ್ತೈತಿ.” ಹಾಗೆ ಹೇಳುವಾಗ ಅಂಗಳದಲ್ಲಿ ನಿಂತಿದ್ದ ನಿನ್ನ ಕಡೆ ನೋಡಿದರು. ಹೆಸರು ಎತ್ತಲಿಲ್ಲ. ಹೆಸರು ಎತ್ತುವ ಕೆಲಸವನ್ನು ನನಗೆ ಬಿಟ್ಟರು, ನಾನು ಮಾಡಿದೆ. ‘ಮನೆಯವರು ಹೇಳಿದರು’ ಎಂದು ನಿನಗೆ ಸುಳ್ಳು ಹೇಳಿದವಳು ನಾನು.

ಇನ್ನೂ ಒಂದಿದೆ, ಅದನ್ನೂ ಬರೆದುಬಿಡುತ್ತೇನೆ. ಹೆದರಿ ಹಾಗೆ ಹೇಳಿದೆ ಎಂದರೆ ಅರ್ಧ ನಿಜ. ನೀನು ಹೊರಗೆ ಉಳಿದರೆ ಒಳಗೆ ಕ್ಯಾಮೆರಾದ ಪಕ್ಕ ನಾನು ನಿಲ್ಲುತ್ತೇನೆ, ಡೈರೆಕ್ಟರ್ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ ಎಂಬುದು ನನಗೆ ಆಗಲೇ ಹೊಳೆದಿತ್ತು. ವಾಟ್ಸಾಪ್ ಮಾತುಗಳನ್ನು ಹನಮಪ್ಪ ಕಾಕಾಗೆ ಕಳಿಸಿದವಳೂ ನಾನೇ. ನೀನು ಕೇಳುವುದಿಲ್ಲ ಎಂದಿದ್ದೆ, ಆದರೂ ನಾನೇ ಹೇಳುತ್ತಿದ್ದೇನೆ.

ಹುಬ್ಬಳ್ಳಿಗೆ ಬರುವಂತೆ ನನಗೂ ಕಾಗದ ಬಂದಿದೆ. ಅಲ್ಲಿ ಇದನ್ನೆಲ್ಲ ಹೇಳುವ ಧೈರ್ಯ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆ ವಕೀಲೆ ಹೇಳಿದ ಪೊಲೀಸ್ ಕೇಸಿನ ಹೆದರಿಕೆಯೂ ಇದೆ.

ಸವಿತಾ


ನವಲಗುಂದ
೪ ಸೆಪ್ಟೆಂಬರ್ ೨೦೨೪

ಸವಿತಾ,

ಕಾಲೇಜಿನ ಮೂರು ವರ್ಷ ನೀನು ಯಮನೂರಿನಿಂದ ಬಂದು ಬಸ್ಸಿಳಿದರೆ ಮೊದಲು ನಮ್ಮ ಮನೆ, ಆಮೇಲೆ ಕ್ಲಾಸು. ನಮ್ಮ ಅಡುಗೆಮನೆಯಲ್ಲಿ ಅವ್ವನ ಪಕ್ಕ ಚಕ್ಕಂಬಕ್ಕಳ ಹಾಕಿ ಕುಳಿತು ರೊಟ್ಟಿ ಬಡಿಯಲು ಕಲಿತವಳು ನೀನು. “ನಮ್ಮವ್ವ ಕೆಂಚವ್ವನಕಿಂತ ನಿಮ್ಮ ಕೈ ರುಚಿ ಐತ್ರಿ” ಎಂದು ಹೊಗಳಿ ಎರಡು ರೊಟ್ಟಿ ಜಾಸ್ತಿ ತಿನ್ನುತ್ತಿದ್ದೆ. ಅಷ್ಟು ತಿಂದವಳಿಗೆ, ಬೇರೆಯವರ ಅಡುಗೆಮನೆಗೆ ನಾನು ಹೋಗಬಾರದು ಎಂಬುದು ಯಾರೂ ಹೇಳಿಕೊಡದೆ ಗೊತ್ತಿತ್ತು.

ಆ ಅಜ್ಜಿಯನ್ನು ನಾಲ್ಕು ತಿಂಗಳು ಮನಸ್ಸಿನಲ್ಲೇ ಶಪಿಸಿದೆ. ಅವರ ಕಣ್ಣಿಗೆ ಬೀಳಬಾರದೆಂದು ನೀರು ಬೇಕಾದರೂ ವ್ಯಾನಿನವರೆಗೆ ನಡೆದು ಹೋಗುತ್ತಿದ್ದೆ. ನೀನು ಒಳಗಿನಿಂದ ಅದನ್ನು ನೋಡುತ್ತಿದ್ದೆ. ಒಂದು ದಿನವೂ ನಿನ್ನ ಬಾಯಿ ತೆರೆಯಲಿಲ್ಲ.

ಅವ್ವನಿಗೆ ನಾನು ಏನೂ ಹೇಳಿಲ್ಲ. ಅವಳು ಇನ್ನೂ ನಿನ್ನ ಹೆಸರು ಬರುತ್ತದೆಯೇ ಎಂದು ನೋಡುತ್ತಾಳೆ.

ನನಗೆ ಬರೆದದ್ದರಿಂದ ನಿನ್ನ ಎದೆ ಹಗುರವಾಗಿದ್ದರೆ ಅದು ನನಗೆ ಬೇಕಾಗಿಲ್ಲ. ನಿನ್ನ ಕಾಗದವನ್ನು ನಾನ್ಯಾಕೆ ಅಲ್ಲಿ ತೋರಿಸಲಿ? ಹಾಗೆ ಮಾಡಿದರೆ ನನಗೂ ನಿನಗೂ ವ್ಯತ್ಯಾಸ ಉಳಿಯುವುದಿಲ್ಲ. ಹದಿನಾಲ್ಕಕ್ಕೆ ನಿನ್ನ ಕಾಲಿನ ಮೇಲೆ ನೀನು ಬಂದು, ನನಗೆ ಬರೆದದ್ದನ್ನು ಅಲ್ಲಿ ಹೇಳು. ಎಲ್ಲವನ್ನೂ. ಹೇಳಿದರೆ ನಿನ್ನನ್ನು ಕ್ಷಮಿಸುತ್ತೇನೆ ಎಂದುಕೊಳ್ಳಬೇಡ. ಹೇಳದಿದ್ದರೆ ನಾನು ಸುಳ್ಳುಗಾರ್ತಿ ಎನ್ನಿಸಿಕೊಳ್ಳುತ್ತೇನೆ, ಅಷ್ಟೇ ವ್ಯತ್ಯಾಸ.

ಮಲ್ಲಿಕಾ


ಯಮನೂರು
೨ ಅಕ್ಟೋಬರ್ ೨೦೨೪

ಮಲ್ಲಿಕಾ,

ಮೇಲೆ ಊರ ಹೆಸರು ನೋಡಿದಾಗಲೇ ನಿನಗೆ ತಿಳಿದಿರುತ್ತದೆ. ಕೆಲಸ ಹೋಯಿತು. ಅಣ್ಣ ಬಂದು ಟ್ರಂಕು ಎತ್ತಿಕೊಂಡು ಹೋದ, ನಾನು ಹಿಂದೆ ಬಂದೆ. ಅವನು ನನ್ನ ಜತೆ ಮಾತು ಬಿಟ್ಟಿದ್ದಾನೆ.

ವಿಚಾರಣೆಯ ದಿನ ನಿನ್ನನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ಒಳಗೆ ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿರುವುದಿಲ್ಲ. ಹೊರಗೆ ಬಂದಾಗ ನೀನು ಮುಖ ತಿರುಗಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂವರಿದ್ದರು. ಬೆಂಗಳೂರಿನಿಂದ ಬಂದ ಮೇಡಮ್ ಒಬ್ಬರು ಪ್ರಶ್ನೆ ಕೇಳುತ್ತಿದ್ದರು, ಕಂಪನಿಯ ವಕೀಲರು ಬರೆದುಕೊಳ್ಳುತ್ತಿದ್ದರು, ಇನ್ನೊಬ್ಬರು ಬರೀ ಕುಳಿತಿದ್ದರು. ಡೈರೆಕ್ಟರ್ ಸರ್ ಮತ್ತು ಹನಮಪ್ಪ ಗೋಡೆಯ ಕಡೆ ಕುರ್ಚಿಯಲ್ಲಿದ್ದರು. ನಾನು ಎಲ್ಲವನ್ನೂ ಹೇಳಿದೆ. ಹನಮಪ್ಪ ಕೀಲಿ ತಂದ ದಿನದ ಮಾತು, ನಿನ್ನ ಕಡೆ ನೋಡಿದ್ದು, ನೀನು ಡೈರೆಕ್ಟರರನ್ನು ಕೇಳಿದಾಗ ಅವರು ಅಡ್ಜಸ್ಟ್ ಮಾಡಿಕೋ ಎಂದದ್ದು, ದೃಶ್ಯ ಹನ್ನೆರಡರಲ್ಲಿ ತಾಳಿ ಇಲ್ಲವೆಂದು ನಾನು ಹೇಳಿದರೂ ಶಾಟ್ ಓಕೆ ಮಾಡಿದ್ದು. ಒಂದನ್ನೂ ಬಿಡಲಿಲ್ಲ, ಬೇಕಾದರೆ ನಮ್ಮವ್ವನ ಆಣೆ ಮಾಡುತ್ತೇನೆ.

ಮೇಡಮ್ ಕೇಳಿಕೊಂಡರು. ಆಮೇಲೆ ಅವರ ಪ್ರಶ್ನೆಗಳು ಶುರುವಾದವು.

“ಮ್ಯಾನೇಜರ್ ಆ ಹುಡುಗಿ ಹೆಸರು ಹೇಳಿದ್ರಾ?”

“ಇಲ್ರಿ.”

“ಮನೆಯವರು ಹೇಳಿದ್ರಾ?”

“ಇಲ್ರಿ.”

“ಡೈರೆಕ್ಟರ್, ಅವಳನ್ನ ಒಳಗೆ ಬಿಡಬೇಡಿ ಅಂತ ನಿಮಗೆ ಹೇಳಿದ್ರಾ?”

“ಇಲ್ರಿ, ಆದ್ರ...”

“ಅವಳಿಗೆ ಹೇಳಿದ್ದು ಯಾರು?”

“ನಾನ್ರಿ.”

ವಕೀಲರು ಬರೆದುಕೊಂಡದ್ದು ಈ ನಾಲ್ಕು ಉತ್ತರಗಳನ್ನು ಮಾತ್ರ. ತಾಳಿಯ ವಿಷಯ ಮತ್ತೆ ಎತ್ತಿದೆ. ಅದು ಬೇರೆ ವಿಷಯ, ಈ ಸಮಿತಿಗೆ ಬರುವುದಿಲ್ಲ ಎಂದರು. ಡೈರೆಕ್ಟರ್ ಸರ್ ಎದ್ದು ನಿಂತು, ತಮ್ಮ ಯೂನಿಟ್ಟಿನಲ್ಲಿ ಇಂಥ ಮನಸ್ಸಿನವರು ಇದ್ದರೆಂದು ತಿಳಿದು ತುಂಬಾ ನೋವಾಗಿದೆ ಎಂದರು. ಹನಮಪ್ಪ ತಲೆ ಅಲ್ಲಾಡಿಸಿ, “ಮಲ್ಲಿಕಾ ಅಗದಿ ಒಳ್ಳೇ ಹುಡುಗಿರಿ” ಎಂದರು. ಮೂರೇ ದಿನಕ್ಕೆ ನನ್ನನ್ನು ತೆಗೆದ ಪತ್ರ ಬಂತು. ಸಹೋದ್ಯೋಗಿಯ ಮೇಲೆ ಜಾತಿ ತಾರತಮ್ಯ ಮಾಡಿದ್ದಕ್ಕೆ ಎಂದು ಕಾರಣ ಬರೆದಿದ್ದಾರೆ.

ಅದು ಸುಳ್ಳಲ್ಲ. ಮಾಡಿದ್ದೇನೆ. ಆದರೆ ನಾನು ಅಲ್ಲಿ ಹೇಳಿದ ಅಷ್ಟೂ ಮಾತಿನಲ್ಲಿ ನನ್ನ ಪಾಲನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟರು. ಇದನ್ನು ನಿನ್ನ ಹತ್ತಿರ ಹೇಳಿಕೊಳ್ಳುವ ಯೋಗ್ಯತೆ ನನಗಿಲ್ಲ, ಗೊತ್ತು. ನಿನ್ನ ದೂರು ಸುಳ್ಳಲ್ಲ ಎಂದು ಬರೆದಿದ್ದಾರಂತೆ. ಅಷ್ಟಾದರೂ ಆಯಿತಲ್ಲ.

ಸವಿತಾ


ನವಲಗುಂದ
೨೩ ಅಕ್ಟೋಬರ್ ೨೦೨೪

ಸವಿತಾ,

ಭಾನುವಾರ ಹನಮಪ್ಪ ನಮ್ಮ ಮನೆಗೆ ಬಂದಿದ್ದ. ಕಾರು ಓಣಿಯ ಬಾಯಲ್ಲೇ ನಿಲ್ಲಿಸಿ ಎಲ್ಲರಿಗೂ ಕಾಣುವಂತೆ ನಡೆದು ಬಂದ. ಕುರ್ಚಿ ಹಾಕಿದರೆ ಬೇಡವೆಂದು ಜಮಖಾನದ ಮೇಲೆ ಕುಳಿತ. ಅವ್ವ ಕೊಟ್ಟ ಚಹಾ ಕುಡಿದು, “ತಾಯವ್ವ, ಇನ್ನೊಂದ ಕಪ್ಪ ಹಾಕ್ರಿ” ಎಂದು ಕೇಳಿ ಕುಡಿದ. ಅಡುಗೆಮನೆಯವರೆಗೆ ಹೋಗಿ ಅವ್ವನ ಪಕ್ಕ ನಿಂತು ಕಪ್ಪು ಹಿಡಿದ ಫೋಟೋ ತೆಗೆಸಿಕೊಂಡ. “ನಮ್ಮ ಕಂಪನಿಯಾಗ ಅಂಥಾ ಭೇದ ಇಲ್ರಿ” ಎಂದ. ಅವ್ವ ನಾಚಿಕೊಂಡು ಸೆರಗು ಸರಿ ಮಾಡಿಕೊಂಡಳು. ನನಗೆ ಆ ಕಪ್ಪನ್ನು ಅವನ ಕೈಯಿಂದ ಕಸಿದುಕೊಳ್ಳಬೇಕು ಅನ್ನಿಸಿತು.

ಆಮೇಲೆ ಬ್ಯಾಗಿನಿಂದ ಕಾಗದ ತೆಗೆದ. ನವೆಂಬರ್ ಒಂದರಿಂದ ನನ್ನ ಕೆಲಸ ನನಗೆ, ಅದೇ ಧಾರಾವಾಹಿ, ಅದೇ ಕುರ್ಚಿ. ಈ ಸಲ ಮನೆಯ ಯಾವ ಕೋಣೆಗೆ ಬೇಕಾದರೂ ಹೋಗಬಹುದಂತೆ. ನಾನು ಸಹಿ ಹಾಕಬೇಕಾದದ್ದು ಒಂದೇ ಪುಟ: ನಡೆದದ್ದು ಇಬ್ಬರು ಗೆಳತಿಯರ ನಡುವಿನ ವೈಯಕ್ತಿಕ ವಿಷಯ, ಅದನ್ನು ಮಾಡಿದವಳು ಸವಿತಾ ಒಬ್ಬಳೇ, ಡೈರೆಕ್ಟರಿಗೂ ಮ್ಯಾನೇಜರಿಗೂ ಅದು ತಿಳಿದಿರಲಿಲ್ಲ ಎಂದು.

ಅವ್ವನಿಗೆ ಆಗ ಎಲ್ಲವೂ ತಿಳಿಯಿತು. ಹನಮಪ್ಪನೇ ಓದಿ ಹೇಳಿದ. ನಿನ್ನ ಹೆಸರು ಬಂದಾಗ ಅವ್ವ, “ಯಾವ ಸವಿತಾ?” ಎಂದಳು. ನಮ್ಮ ಸವಿತಾನೇ ಎಂದೆ. ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಹನಮಪ್ಪ ಎರಡು ದಿನ ಯೋಚಿಸಿ ಎಂದು ಹೇಳಿ ಕಾಗದ ಬಿಟ್ಟು ಹೋದ.

ಸಂಜೆ ಅವ್ವ ಹೇಳಿದಳು: “ಸಹಿ ಮಾಡು. ಆಕಿ ನಿನಗ ಮಾಡಿದ್ದಕ್ಕ ನೀ ಯಾಕ ಮನ್ಯಾಗ ಕೂಡಬೇಕು?” ನಾನು ಪೆನ್ನು ತೆಗೆದದ್ದು ನಿಜ ಸವಿತಾ. ಸುಮ್ಮನೆ ತೆಗೆಯಲಿಲ್ಲ, ಹಾಕಬೇಕೆಂದೇ ತೆಗೆದೆ. ಆ ಕೆಲಸ ನನಗೆ ಇಷ್ಟ. ನನಗಿಂತ ಚೆನ್ನಾಗಿ ಅದನ್ನು ಮಾಡುವವರು ಆ ಯೂನಿಟ್ಟಿನಲ್ಲಿ ಇಲ್ಲ. ನಿನ್ನ ಮೇಲೆ ಕರುಣೆ ಬರಲಿಲ್ಲ. ನೀನು ಕುರಿಯ ಹಿಂದೆ ನಿಂತಿರುವುದನ್ನು ಕಣ್ಣ ಮುಂದೆ ತಂದುಕೊಂಡೆ, ಆಗಲೂ ಬರಲಿಲ್ಲ.

ಓದುತ್ತ ಹೋದರೆ ‘ಒಬ್ಬಳೇ’ ಎಂಬಲ್ಲಿ ಕೈ ನಿಂತಿತು. ಡೈರೆಕ್ಟರನ ಮುಂದೆ ನಿಂತು ನಾನೇ ಹೇಳಿದ್ದೆನಲ್ಲ, ಅವನು ತಲೆ ಎತ್ತದೆ ಅಡ್ಜಸ್ಟ್ ಮಾಡ್ಕೊ ಎಂದನಲ್ಲ. ಅವನಿಗೆ ತಿಳಿದಿರಲಿಲ್ಲ ಎಂದು ನಾನೇ ಬರೆದುಕೊಟ್ಟರೆ ಆ ದಿನ ನಾನು ಅವನ ಹತ್ತಿರ ಹೋಗಲೇ ಇಲ್ಲ ಎಂದ ಹಾಗಾಯಿತು. ನೀನು ಮಾಡಿದೆ, ಅದು ನಿಜ. ನೀನೊಬ್ಬಳೇ ಮಾಡಿದೆ ಎಂಬುದು ಸುಳ್ಳು. ಸುಳ್ಳುಗಾರ್ತಿ ಎನ್ನಿಸಿಕೊಳ್ಳಬಾರದೆಂದು ಐದು ತಿಂಗಳು ಗುದ್ದಾಡಿ, ಕೊನೆಗೆ ಅದೇ ಆಗಲು ಸಹಿ ಹಾಕಲಾರೆ. ಮಂಗಳವಾರ ಫೋನ್ ಮಾಡಿ ಹನಮಪ್ಪನಿಗೆ ಆಗುವುದಿಲ್ಲ ಎಂದೆ. ಅವ್ವ ಇನ್ನೂ ನನ್ನ ಜತೆ ಸರಿಯಾಗಿ ಮಾತಾಡುತ್ತಿಲ್ಲ.

ಬರುವ ಸೋಮವಾರ ಧಾರವಾಡದ ಕಾರ್ಮಿಕ ಕಚೇರಿಯಲ್ಲಿ ಅರ್ಜಿ ಕೊಡುತ್ತಿದ್ದೇನೆ. ಇರಮ್ ಅವರು ಬರೆದುಕೊಟ್ಟಿದ್ದಾರೆ. ಪೊಲೀಸ್ ಕೇಸಿನ ವಿಚಾರ ಇನ್ನೂ ತೀರ್ಮಾನಿಸಿಲ್ಲ. ಅರ್ಜಿಯಲ್ಲಿ ನನಗೆ ಅನ್ಯಾಯ ಮಾಡಿದವರು ಎಂದು ಮೂರು ಹೆಸರಿವೆ. ಡೈರೆಕ್ಟರ್, ಹನಮಪ್ಪ, ಮೂರನೆಯದು ನೀನು. ಹೆಸರು ಬಿಡೋಣವೇ ಎಂದು ಇರಮ್ ಕೇಳಿದರು, ಬೇಡ ಎಂದೆ. ಕೆಳಗೆ ಸಾಕ್ಷಿ ಎಂಬ ಜಾಗದಲ್ಲಿ ಒಂದೇ ಹೆಸರಿದೆ. ಅದೂ ನಿನ್ನದೇ. ಬೇರೆ ಯಾರೂ ಇಲ್ಲ ನನಗೆ.

ಹೋದ ಸಲ ನಿನ್ನನ್ನು ಕೇಳದೆ ಬರೆದಿದ್ದೆ. ಈ ಸಲ ಕೇಳುತ್ತಿದ್ದೇನೆ. ಹತ್ತೂವರೆಗೆ ಕಚೇರಿಯ ಮುಂದೆ ಇರುತ್ತೇನೆ.

ಮಲ್ಲಿಕಾ